ಒಲೆ ಮುಂದಿನ ಆರು ಟೈಲ್ಸ್

ಲೈಟು ಆರಿಸಬೇಡಿ, ಇರಲಿ. ಆಮೇಲೆ ನೀವೇ ಎದ್ದು ತಡಕಾಡಿಕೊಂಡು ಹಾಕ್ತೀರಿ, ಯಾಕೆ ಬೇಕು.

ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಕಿವಿಯಕ್ಕ ಅಂತಾರಲ್ಲ, ಅವಳಿಗೆ. ಅವಳ ಬಾಯಿಂದ ಇದು ಹೊರಗೆ ಬರೋಕೆ ನಾಲ್ಕು ವರ್ಷ ಹಿಡೀತು. ಮಧ್ಯೆ ಬಾಯಿ ಹಾಕಬೇಡಿ. ಹಾಕಿದ್ರೆ ನಿಲ್ಲಿಸಿಬಿಡ್ತೀನಿ, ಆಮೇಲೆ ಎಷ್ಟು ಗೋಗರೆದರೂ ಹೇಳಲ್ಲ.

ಅವತ್ತು ಸೋಮವಾರ. ರಾತ್ರಿ ಹತ್ತೂಕಾಲು. ಅಕ್ಕ ಕೊನೇ ಬಸ್ಸು ಇಳಿದು ಮನೆ ಕಡೆ ನಡೀತಾ ಇದ್ದಳು. ಯಾವಾಗಲೂ ಬರೋ ರಸ್ತೆಯನ್ನ ಪೈಪಿಗೆ ಅಂತ ಅಗೆದು ಹಾಕಿದ್ರು. ಹಾಗಾಗಿ ಆಲದ ಮರದ ದಾರಿ ಹಿಡಿದಳು. ಒಂದು ವರ್ಷದಿಂದ ಅವಳು ಆ ದಾರಿ ತುಳಿದಿರಲಿಲ್ಲ. ಯಾಕೆ ಅಂತ ಹೇಳ್ತೀನಿ, ತಡೀರಿ.

ಆಲದ ಮರ ದಾಟಿದರೆ ಒಂಬತ್ತು ಮನೆ ಸಾಲಾಗಿ. ಒಂದೇ ಥರದ ಗೇಟು, ಒಂದೇ ಥರದ ಕಿಟಕಿ. ಮರಕ್ಕೆ ಹತ್ತಿರ ಇರೋದು ಒಂಬತ್ತನೇದು. ಅದರ ಅಡುಗೆಮನೆ ಕಿಟಕಿ ರಸ್ತೆಗೇ ಬರತ್ತೆ. ಅಕ್ಕ ಅದನ್ನ ದಾಟಬೇಕು... ಆಗ ಕೇಳಿಸ್ತು.

ಟಕ್, ಟಕ್, ಟಕ್...

ಟಕ್.

ಅಕ್ಕ ನಿಂತಳು.

ಮತ್ತೆ. ಮೂರು, ಆಮೇಲೆ ಒಂದು.

ಈಗ ಇದನ್ನ ಬಿಡಿಸಿ ಹೇಳಬೇಕು, ಇಲ್ಲಾಂದ್ರೆ ನಿಮಗೆ ಅದು ಬರೀ ಶಬ್ದ. ಭಾವ ಟೈಲ್ಸ್ ಮೇಸ್ತ್ರಿ. ಅಕ್ಕ ಅವರ ಹಿಂದೆ ಸಿಮೆಂಟು ಕಲಸಿ ಕೊಡೋದು, ಸಂದಿ ತುಂಬೋದು. ಹನ್ನೊಂದು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ರು. ಭಾವ ಮಾತು ಕಡಿಮೆ. ಬಾಯಲ್ಲಿ ಹೇಳೋದನ್ನ ಕೈಲಿ ಹೇಳೋ ಮನುಷ್ಯ. ಒಳಗಿನ ಕೋಣೆಯಲ್ಲಿ ಕೂತು, ಸಿಮೆಂಟು ಬಳಿಯೋ ಕರಣೆಯ ಹಿಡಿಯಿಂದ ನೆಲಕ್ಕೆ ತಟ್ಟೋರು. ಎರಡು ತಟ್ಟಿದರೆ 'ಮಾಲು ತಾ', ಅಂದ್ರೆ ಕಲಸಿದ ಸಿಮೆಂಟು. ಮೂರು ತಟ್ಟಿ, ಒಂದು ಗಳಿಗೆ ಬಿಟ್ಟು, ಒಂದು ತಟ್ಟಿದರೆ 'ಕೆಲಸ ಮುಗೀತು, ಮನೆಗೆ ಹೋಗೋಣ'. ಇದು ಅವರಿಬ್ಬರನ್ನ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆ ಒಂಬತ್ತು ಮನೆಗಳಿಗೂ ಟೈಲ್ಸ್ ಹಾಕಿದ್ದು ಭಾವನೇ. ಕೊನೇ ಮನೆಯಲ್ಲಿ ಅಡುಗೆಮನೆ ಒಂದೇ ಬಾಕಿ ಇದ್ದಾಗ ಅಕ್ಕ ಊರಿಗೆ ಹೋದಳು. ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಎಂಟು ದಿನ ಬಿಟ್ಟು ವಾಪಸ್ ಬಂದರೆ ಮನೆಗೆ ಬೀಗ. ಬಾಗಿಲ ಪಕ್ಕದ ಮೊಳೆಗೆ ಭಾವ ದಿನಾ ಸಂಜೆ ಕರಣೆ ನೇತು ಹಾಕೋರು. ಮೊಳೆ ಖಾಲಿ.

ಮನೆ ಕಟ್ಟಿಸ್ತಾ ಇದ್ದ ಕಂಟ್ರಾಕ್ಟರ್ ಹತ್ತಿರ ಓಡಿದಳು. ಅವನನ್ನ ಎಲ್ಲರೂ ಆಯ್ತಣ್ಣ ಅನ್ನೋರು. ಯಾರು ಏನು ದೂರು ತಂದರೂ ನಗ್ತಾ "ಆಯ್ತು ಆಯ್ತು" ಅನ್ನೋದು, ಮಾಡೋದು ಮಾತ್ರ ಸೊನ್ನೆ. ಆ ಆಯ್ತಣ್ಣ ಏನಂದ ಗೊತ್ತಾ?

"ಅಯ್ಯೋ, ನಿಮಗೆ ಹೇಳಲಿಲ್ವಾ ತಾಯಿ? ರಾತ್ರಿ ಬಸ್ಸು ಹತ್ತಿದ ಹಾಗಿತ್ತು. ಜೊತೇಲಿ ಯಾರೋ ಇದ್ದರಪ್ಪ."

ಯಾರೋ. ಆ ಒಂದು ಮಾತು ಸಾಕಾಯ್ತು. ಸಂಜೆಯೊಳಗೆ ಆ 'ಯಾರೋ'ಗೆ ಜನ ಸೀರೆ ಉಡಿಸಿ, ಹೂವು ಮುಡಿಸಿ, ಊರು ಕೇರಿ ಎಲ್ಲಾ ಕೊಟ್ಟರು. ಪೊಲೀಸರು "ಓಡಿಹೋದ ಗಂಡನ್ನ ಹಿಡ್ಕೊಂಡು ಬರೋದು ನಮ್ಮ ಕೆಲಸ ಅಲ್ಲಮ್ಮ" ಅಂದರು. ನಲ್ಲಿ ಹತ್ತಿರ ಅಕ್ಕ ಬಂದರೆ ಮಾತು ನಿಲ್ಲೋದು. ಮುಚ್ಚುಮರೆ ಯಾಕೆ, ನಮ್ಮ ಮನೆಯಲ್ಲೂ ನಂಬಿದ್ವಿ. ಅಕ್ಕನೂ ಅರ್ಧ ನಂಬಿದಳು. ನಂಬಿ, ಅವರನ್ನ ಬೈದು, ಅತ್ತು, ಆ ದಾರಿಯನ್ನೇ ಬಿಟ್ಟಳು.

ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಹಿಡಿದಳು. ಹೊಸ ಮನೆ ಕಟ್ಟಿಕೊಟ್ಟವರು ಒಂದು ವರ್ಷದ ವಾರಂಟಿ ಅಂತ ಬರೆದುಕೊಡ್ತಾರಲ್ಲ, ಅದು ಮುಗಿಯೋಕೆ ಮುಂಚೆ ಜನ ಇವಳನ್ನ ಕರೆಸ್ತಾರೆ. ಇವಳು ಗೋಡೆ, ನೆಲ, ಬಾಗಿಲು, ನಲ್ಲಿ ಎಲ್ಲಾ ಪರೀಕ್ಷೆ ಮಾಡಿ ತಪ್ಪಿನ ಪಟ್ಟಿ ಬರೀತಾಳೆ. ಪಟ್ಟಿಯಲ್ಲಿ ಇರೋದನ್ನೆಲ್ಲಾ ಕಟ್ಟಿದವನೇ ಸರಿ ಮಾಡಿಕೊಡಬೇಕು. ಸರಿಯಾಗಿದೆ ಅಂತ ಇವಳು ಮತ್ತೆ ನೋಡಿ ಸಹಿ ಹಾಕಬೇಕು. ವಾರಂಟಿ ಮುಗಿದ ಮಾರನೇ ದಿನ ಗೋಡೆ ಮೈಮೇಲೆ ಬಿದ್ದರೂ ಅವನು ಫೋನ್ ಎತ್ತಲ್ಲ. ಅಕ್ಕನ ಕೈಲಿ ಒಂದು ಸಣ್ಣ ಕಂಬಿ, ತುದೀಲಿ ಗೋಲಿಯಷ್ಟು ಗುಂಡು. ಅದರಲ್ಲಿ ಟೈಲ್ಸ್ ತಟ್ಟುತ್ತಾ ಹೋಗ್ತಾಳೆ. ಗಟ್ಟಿಯಾಗಿ ಕೂತಿದ್ದು 'ಟಣ್' ಅನ್ನತ್ತೆ. ಕೆಳಗೆ ಮಾಲು ತುಂಬದೆ ಮೋಸ ಮಾಡಿದ್ದು 'ಡಬ್' ಅನ್ನತ್ತೆ. ಆ ಕಿವಿ ಕಲಿಸಿದ್ದು ಭಾವನೇ. ಅದಕ್ಕೇ ಕಿವಿಯಕ್ಕ.

ಈಗ ಸೋಮವಾರ ರಾತ್ರಿಗೆ ಬನ್ನಿ. ಅಕ್ಕ ಕಿಟಕಿ ಎದುರು ಮರದ ಹಾಗೆ ನಿಂತಿದಾಳೆ. ಗೇಟು 'ಕಿರ್ರ್' ಅಂತು. ಆ ಮನೆ ಕೊಂಡಿದ್ದ ನರ್ಸಮ್ಮ, ಒಬ್ಬಂಟಿ ಹೆಂಗಸು, ಸ್ವೆಟರ್ ಹಾಕಿಕೊಂಡು ಹೊರಗೆ ಬಂದಳು.

"ನಿಮಗೂ ಕೇಳಿಸ್ತಾ?" ಪಿಸುಗುಟ್ಟಿದಳು.

"ಎಷ್ಟು ದಿನದಿಂದ?" ಅಂದಳು ಅಕ್ಕ.

"ಬಂದಾಗಿಂದ. ಇದೇ ಹೊತ್ತಿಗೆ. ಆಯ್ತಣ್ಣಂಗೆ ಹೇಳಿದ್ರೆ ಪೈಪಲ್ಲಿ ಗಾಳಿ ಅಂತಾರೆ."

ಟಕ್, ಟಕ್, ಟಕ್... ಟಕ್.

"ವಾರಂಟಿ ಯಾವತ್ತು ಮುಗಿಯತ್ತೆ?"

"ಈ ಶುಕ್ರವಾರ. ರಾತ್ರಿ ಹನ್ನೆರಡಕ್ಕೆ."

"ನಾಳೆ ಬೆಳಗ್ಗೆ ಬರ್ತೀನಿ. ಆಯ್ತಣ್ಣಂಗೂ ಇರೋಕೆ ಹೇಳಿ."

ಆ ರಾತ್ರಿ ಅಕ್ಕ ಕಣ್ಣು ಮುಚ್ಚಲಿಲ್ಲ. ಖಾಲಿ ಮೊಳೆ ನೋಡ್ತಾ ಬೆಳಗು ಮಾಡಿದಳು.

ಮಂಗಳವಾರ ಬೆಳಗ್ಗೆ ಪರೀಕ್ಷೆ ಶುರು. ಆಯ್ತಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅಕ್ಕನನ್ನ ನೋಡಿ ಒಂದು ಗಳಿಗೆ ನಗು ಮಾಸಿತು, ಆಮೇಲೆ ಮತ್ತೆ ಹಚ್ಚಿಕೊಂಡ. ನಡುಮನೆ, ಎರಡು ಕೋಣೆ... ಎಲ್ಲಾ ಭಾವನ ಕೈ. ಸಂದಿಗಳು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಅಕ್ಕ ತಟ್ಟಿದ ಕಡೆಯೆಲ್ಲಾ ಟಣ್, ಟಣ್. ಒಂದು ಕಡೆ ಕೂತು ಸಂದಿ ಮೇಲೆ ಬೆರಳು ಆಡಿಸಿದಳು. ಒಂದು ವರ್ಷ ಬೈದ ಮನುಷ್ಯನ ಕೆಲಸ ಇದು.

ಅಡುಗೆಮನೆಗೆ ಕಾಲಿಟ್ಟಳು. ನೆಲ ನೋಡಿದ ಕೂಡಲೇ ಗೊತ್ತಾಯ್ತು. ಸಂದಿಗಳು ಸೊಟ್ಟಪಟ್ಟ. ಒಂದು ಟೈಲ್ಸು ಎದ್ದಿದೆ, ಇನ್ನೊಂದು ತಗ್ಗಿದೆ. ಯಾರೋ ಎದ್ದೂಬಿದ್ದೂ ಮುಗಿಸಿದ ಕೆಲಸ.

"ಇದನ್ನ ಹಾಕಿದ್ದು ಯಾರು?"

"ನಿಮ್ಮ ಯಜಮಾನ್ರೇ," ಅಂದ ಆಯ್ತಣ್ಣ. "ಇದನ್ನ ಮುಗಿಸಿಯೇ ಬಸ್ಸು ಹತ್ತಿದ್ದು."

ಅಕ್ಕ ಬಗ್ಗಿ ತಟ್ಟುತ್ತಾ ಹೋದಳು. ಟಣ್. ಡಬ್. ಡಬ್. ಒಲೆ ಮುಂದೆ ಬಂದಳು, ನಿಂತು ಅಡುಗೆ ಮಾಡ್ತೀವಲ್ಲ, ಆ ಜಾಗ. ತಟ್ಟಿದಳು.

ಗುಂ...

ಟೈಲ್ಸ್ ಪೊಳ್ಳಿದ್ದರೆ ಬರೋ ಶಬ್ದ ಅಲ್ಲ ಅದು. ಕೆಳಗೆ ಆಳ ಇದ್ದರೆ ಬರೋ ಶಬ್ದ. ಅಕ್ಕಪಕ್ಕ ತಟ್ಟಿದಳು. ಆರು ಟೈಲ್ಸ್. ಆರಕ್ಕೂ ಗುಂ.

"ಇಲ್ಲಿ ಆಲದ ಮರದ ಹತ್ತಿರ ಒಂದು ಹಳೇ ಬಾವಿ ಇತ್ತಲ್ಲ," ಅಂದಳು ಅಕ್ಕ, ಕತ್ತೆತ್ತದೆ.

"ಅದಾ? ಅದು ಆಚೆ ರಸ್ತೆಗೆ ಹೋಯ್ತು. ತುಂಬಿಸಿದೀನಿ. ನಲವತ್ತು ಲಾರಿ ಮಣ್ಣು."

ಅಕ್ಕ ಎದ್ದು ಹೊರಗೆ ಹೋದಳು. ಆಲದ ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಳು. ಮೊದಲನೇ ಮನೆ ಕಟ್ಟುವಾಗ ನೀರಿನ ಲೈನ್ ಇನ್ನೂ ಬಂದಿರಲಿಲ್ಲ. ಸಿಮೆಂಟಿಗೆ ನೀರು ಬೇಕಂದ್ರೆ ಆ ಬಾವಿಯಿಂದಲೇ ಇವಳು ಬಿಂದಿಗೆ ಹೊತ್ತು ತರಬೇಕಿತ್ತು. ಮರದಿಂದ ಬಾವಿಗೆ ಹದಿನೆಂಟು ಹೆಜ್ಜೆ. ದಿನಕ್ಕೆ ಐವತ್ತು ಸಲ ನಡೆದ ಕಾಲು ಮರೆಯತ್ತಾ? ನಡೆದಳು. ಹದಿನಾರನೇ ಹೆಜ್ಜೆಗೆ ಅಡುಗೆಮನೆ ಗೋಡೆ ಹಣೆಗೆ ತಾಗಿತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಒಲೆ ಮುಂದೆ ಇರ್ತಿದ್ದಳು.

ಅಲ್ಲೇ ಗೋಡೆಗೆ ಹಣೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಹೆದರಿಕೆ ಆಗಲಿಲ್ಲ ಅಂತಾಳೆ. ಮೊದಲು ಸಮಾಧಾನ ಆಯ್ತಂತೆ, ನಮ್ಮವರು ಓಡಿಹೋಗಿಲ್ಲ ಅಂತ. ಆಮೇಲೆ ಸಿಟ್ಟು ಬಂತಂತೆ. ಅಂಥ ಸಿಟ್ಟು ಅವಳಿಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಒಳಗೆ ಬಂದು ಪಟ್ಟಿ ಬರೆದಳು. ಬಚ್ಚಲ ನಲ್ಲಿ ಸೋರತ್ತೆ. ಹಿಂದಿನ ಬಾಗಿಲು ಉಜ್ಜತ್ತೆ. ಹೀಗೆ ಏನೇನೋ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, 'ಒಲೆ ಮುಂದಿನ ಆರು ಟೈಲ್ಸ್. ಕೆಳಗೆ ಪೊಳ್ಳು. ತೆಗೆದು, ತುಂಬಿಸಿ, ಮತ್ತೆ ಹಾಕಬೇಕು.'

ನರ್ಸಮ್ಮ ಆಚೆ ಹೋದ ಕೂಡಲೇ ಆಯ್ತಣ್ಣ ಹತ್ತಿರ ಬಂದ. "ಅಕ್ಕಾ, ಅದೊಂದು ಹೊಡೆದುಹಾಕಿ. ಏನು ಬೇಕೋ ಕೇಳಿ."

"ಬರೆದಿದ್ದು ಬರೆದಾಯ್ತು," ಅಂದಳು ಅಕ್ಕ. "ಶುಕ್ರವಾರದೊಳಗೆ ನೀವು ತೆಗೀರಿ. ಇಲ್ಲಾಂದ್ರೆ ನರ್ಸಮ್ಮ ಹೊರಗಿನವರನ್ನ ಕರೆಸಿ ನಿಮ್ಮ ಖರ್ಚಲ್ಲಿ ಒಡೆಸ್ತಾರೆ. ಕಾಗದದಲ್ಲಿ ಹಾಗೇ ಇದೆ, ನೀವೇ ಬರೆದುಕೊಟ್ಟಿದ್ದು. ಒಡೆಯುವಾಗ ಹತ್ತು ಜನ ನಿಂತು ನೋಡ್ತಾರೆ."

ಆಯ್ತಣ್ಣ ಬೆವರು ಒರೆಸಿಕೊಂಡ. "ಆಯ್ತು, ಆಯ್ತು. ನಾನೇ ಬರ್ತೀನಿ. ಆಳುಗಳು ಬೇಡ. ನಾನೂ ಮೊದಲು ಗಾರೆ ಕೆಲಸದವನೇ."

ಇನ್ನೇನು ಬೇಕಿತ್ತು ಅಕ್ಕನಿಗೆ? ಟೈಲ್ಸ್ ಏಳಬೇಕು, ಕೆಳಗೇನಿದೆ ಅಂತ ಕಣ್ಣಾರೆ ನೋಡಬೇಕು. ಬರೀ ಶಬ್ದ ಕೇಳಿಸ್ತು ಅಂತ ಪೊಲೀಸರ ಹತ್ತಿರ ಹೋದರೆ ನಗ್ತಾರೆ. ಶುಕ್ರವಾರ ದಾಟಿದರೆ ಅವನ ಕೈಲಿ ಆ ನೆಲ ಒಡೆಸೋಕೆ ಯಾರಿಗೂ ಹಕ್ಕಿಲ್ಲ. ಭಾವ ಅಲ್ಲೇ, ಓಡಿಹೋದವರಾಗಿಯೇ, ಉಳಿದುಬಿಡ್ತಾರೆ.

ಆಯ್ತಣ್ಣ ಬುಧವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಶುಕ್ರವಾರ ಸಂಜೆ, ಕತ್ತಲಾದ ಮೇಲೆ ಬಂದ. ಜೀಪು ಆಲದ ಮರದ ಕೆಳಗೆ ನಿಲ್ಲಿಸಿ, ಮೂರು ಮೂಟೆ ಸಿಮೆಂಟು, ಮರಳು, ಬಾಂಡ್ಲಿ, ಸಲಿಕೆ ಎಲ್ಲಾ ಹಿತ್ತಿಲಿಗೆ ಇಳಿಸಿದ. ಅವನ ಲೆಕ್ಕಾಚಾರ ಇಷ್ಟೇ. ಟೈಲ್ಸ್ ಮಾತ್ರ ಎಬ್ಬಿಸೋದು, ಕೆಳಗಿನ ಕಾಂಕ್ರೀಟ್ ಮುಟ್ಟದೆ ಮೇಲೆ ದಪ್ಪಗೆ ಮಾಲು ಬಳಿದು ಶಬ್ದ ಅಡಗಿಸೋದು. ಎಂಟು ಗಂಟೆಗೆ ನರ್ಸಮ್ಮ ರಾತ್ರಿ ಡ್ಯೂಟಿಗೆ ಹೊರಟಳು. ಬೀಗದಕೈ ಅಕ್ಕನ ಕೈಗೆ ಕೊಟ್ಟಳು. ಬಾಗಿಲು ಹಾಕಿಕೊಂಡಿತು.

ಅಕ್ಕ ನಡುಮನೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಒಳಗೆ ಉಳಿ ಸುತ್ತಿಗೆ ಶುರುವಾಯ್ತು.

ಚಣ್. ಚಣ್. ಚಣ್. ಒಂದು ಟೈಲ್ಸು 'ಕಟಕ್' ಅಂತ ಎದ್ದಿತು. ಆಮೇಲೆ ಇನ್ನೊಂದು. ಹತ್ತು ಗಂಟೆ ಹೊತ್ತಿಗೆ ಆರೂ ಎದ್ದಿದ್ದವು.

ಉಳಿ ನಿಂತಿತು.

"ಅಕ್ಕಾ... ನೀವು ತಟ್ಟಿದ್ರಾ?"

"ಇಲ್ಲ. ನಾನು ಇಲ್ಲೇ ಕೂತಿದೀನಿ."

ಟಕ್, ಟಕ್, ಟಕ್... ಟಕ್.

"ಇಲಿ ಇರಬೇಕು," ಅಂದ. ದನಿ ಎಲ್ಲೋ ಹೋಗಿತ್ತು.

ಅಕ್ಕ ಎದ್ದು ಬಾಗಿಲಲ್ಲಿ ನಿಂತಳು. ಆಯ್ತಣ್ಣ ಮಂಡಿಯೂರಿ ಕೂತಿದ್ದ. ಎದುರಿಗೆ ಬರೀ ಕಾಂಕ್ರೀಟು, ಅದರ ಮಧ್ಯೆ ಎರಡು ಮೊಳದಗಲ ಚೌಕಾಕಾರದ ತೇಪೆ. ಒಂದು ಸಲ ಬಾಯಿ ಬಿಟ್ಟುಕೊಂಡಿದ್ದನ್ನ ಆಮೇಲೆ ಮುಚ್ಚಿದ್ದು. ಶಬ್ದ ಆ ತೇಪೆಯ ಕೆಳಗಿಂದ ಬರ್ತಾ ಇತ್ತು.

"ಅವತ್ತು ಅವರು ಏನಂದ್ರು?" ಅಕ್ಕ ಮೆಲ್ಲಗೆ ಕೇಳಿದಳು.

"ಯಾರು?"

"ರಾತ್ರಿ ಬಸ್ಸು ಹತ್ತಿದವರು."

ಕೆಳಗಿಂದ ಮತ್ತೆ ಮೂರು, ಒಂದು. ಈ ಸಲ ಜೋರಾಗಿ. ನೆಲದ ಮೇಲಿದ್ದ ಉಳಿ ಅಲುಗಾಡಿತು. ಆಯ್ತಣ್ಣನ ಧೈರ್ಯ ಅಲ್ಲಿಗೆ ಉಡುಗಿಹೋಯ್ತು. ಬಾಯಿ ಬಿಟ್ಟ.

"ಬಾವಿ ತುಂಬಿಸಿಲ್ಲ, ಬರೀ ಮೇಲೆ ಮುಚ್ಚಿದೀಯ ಅಂದ. ಇದರ ಮೇಲೆ ಟೈಲ್ಸ್ ಹಾಕಲ್ಲ, ಮನೆ ತಗೊಳ್ಳೋರಿಗೆ ಹೇಳ್ತೀನಿ ಅಂದ. ಮುಚ್ಚಿದ್ದನ್ನ ಒಡೆದು, ಬಗ್ಗಿ ಒಳಗೆ ನೋಡ್ತಾ ಇದ್ದ... ನಾನು ಬೇಕಂತ ಮಾಡಲಿಲ್ಲ ಅಕ್ಕಾ. ಸಿಟ್ಟಲ್ಲಿ ಕೈ ತಾಗಿತು, ಅಷ್ಟೇ."

"ಬಿದ್ದ ಕೂಡಲೇ ಹೋದ್ರಾ?"

ಅವನು ತೇಪೆ ಹತ್ತಿರದಿಂದ ಹಿಂದಕ್ಕೆ ಸರಿದ.

"ಕೇಳಿದ್ದು ಕೇಳಿಸ್ತಾ?"

"ಇಲ್ಲ... ಹೋಗಿರಲಿಲ್ಲ. ನೀರು ಕಮ್ಮಿ ಇತ್ತು. ಕೂಗ್ತಾ ಇದ್ದ. ಆಮೇಲೆ ಗಂಟಲು ಬತ್ತಿಹೋಯ್ತೇನೋ, ಕರಣೆಯಿಂದ ಕಲ್ಲಿಗೆ ತಟ್ಟೋಕೆ ಶುರು ಮಾಡಿದ. ಹೀಗೇ. ಮೂರು, ಒಂದು. ಬೆಳಗ್ಗೆ ನಾನು ಮೇಲೆ ಕಾಂಕ್ರೀಟ್ ಹಾಕುವಾಗಲೂ ತಟ್ಟುತ್ತಾ ಇದ್ದ."

"ಎಷ್ಟು ಹೊತ್ತು?"

"ಗೊತ್ತಿಲ್ಲ... ಮೂರು ದಿನ ನಾನು ಈ ಕಡೆ ಬರಲಿಲ್ಲ."

ಅಕ್ಕ ಅವತ್ತು ಊರಲ್ಲಿ ದೊಡ್ಡಮ್ಮನಿಗೆ ಗಂಜಿ ಕುಡಿಸ್ತಾ ಇದ್ದಳು. ಇಲ್ಲಿ ಭಾವ ಕತ್ತಲಲ್ಲಿ ಕೂತು, ಮನೆಗೆ ಹೋಗೋಣ, ಮನೆಗೆ ಹೋಗೋಣ ಅಂತ...

ಟಪ್.

ಬಲ್ಬು ಹೋಯ್ತು.

ಕತ್ತಲಲ್ಲಿ 'ಚರ್ರ್' ಅಂತ ಒಂದು ಸದ್ದು, ಬಟ್ಟೆ ಹರಿದ ಹಾಗೆ. ಆಮೇಲೆ ಕಲ್ಲು ಉದುರಿದ ಸದ್ದು. ಆಯ್ತಣ್ಣ "ಅಯ್ಯೋ ಕಾಲು, ಕಾಲು ಹಿಡಿದಿದಾನೆ" ಅಂದ. ಅವನು ಅಂದಿದ್ದು ಹಾಗೇ, ನಾನು ಒಂದಕ್ಷರ ಸೇರಿಸಿಲ್ಲ. ಉಗುರು ನೆಲ ಗೀಚಿದ್ದು ಕೇಳಿಸ್ತು. ಆಮೇಲೆ ತುಂಬಾ ಹೊತ್ತಿನ ಮೇಲೆ, ತುಂಬಾ ಕೆಳಗೆ...

ದುಬುಕ್.

ಅಕ್ಕ ಫೋನಿನ ಬೆಳಕು ಹಾಕಿದಳು. ತೇಪೆ ಇರಲಿಲ್ಲ. ಅಲ್ಲಿ ಕರೀ ಬಾಯಿ. ಒಳಗಿಂದ ತಣ್ಣನೆ ಗಾಳಿ, ಹಳೇ ನೀರಿನ ವಾಸನೆ.

"ಅಕ್ಕಾ..." ಕೆಳಗಿಂದ. "ಹಗ್ಗ ಬಿಡಿ. ಜೀಪಲ್ಲಿ ಇದೆ. ಎಲ್ಲಾ ಒಪ್ಪಿಕೊಳ್ತೀನಿ. ಪೊಲೀಸರ ಹತ್ತಿರ ನಾನೇ ಹೇಳ್ತೀನಿ. ಬೇಗ... ಇಲ್ಲಿ ನಾನೊಬ್ಬನೇ ಇಲ್ಲ."

ಅಕ್ಕ ಹಿತ್ತಿಲ ಬಾಗಿಲ ಕಡೆ ತಿರುಗಿದಳು. ಹಗ್ಗ ತರೋಣ ಅಂತಲೇ ತಿರುಗಿದ್ದು ಅಂತ ಒಂದು ಸಲ ಹೇಳಿದಳು. ಇನ್ನೊಂದು ಸಲ ಇಲ್ಲ ಅಂದಳು. ನಾನು ಒತ್ತಿ ಕೇಳಲಿಲ್ಲ.

ಆಗ ಬೆನ್ನ ಹಿಂದೆ ಕೇಳಿಸ್ತು. ಬಾವಿಯೊಳಗಿಂದ ಅಲ್ಲ. ಅಡುಗೆಮನೆ ನೆಲದ ಮೇಲಿಂದ.

ಟಕ್, ಟಕ್.

ಎರಡು. ಬರೀ ಎರಡು.

ಮಾಲು ತಾ.

ಹನ್ನೊಂದು ವರ್ಷ ಆ ಎರಡು ತಟ್ಟಿಗೆ ಎದ್ದ ಕೈ ಅದು. ಅಕ್ಕ ತಿರುಗಿ ನೋಡಲಿಲ್ಲ. ಹಿತ್ತಿಲಿಗೆ ಹೋಗಿ ಮೂಟೆ ಬಿಚ್ಚಿದಳು. ಮೂರು ಪಾಲು ಮರಳು, ಒಂದು ಪಾಲು ಸಿಮೆಂಟು, ಹದವಾಗಿ ನೀರು. ಭಾವನಿಗೆ ನೀರು ಜಾಸ್ತಿ ಆದರೆ ಆಗ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಲಿಕೆಯಲ್ಲಿ ಕಲಸಿದಳು. ಬಾಂಡ್ಲಿ ತುಂಬಿ ತಂದು ಅಡುಗೆಮನೆ ಹೊಸಿಲ ಮೇಲಿಟ್ಟು, ಗೋಡೆ ಕಡೆ ಮುಖ ಮಾಡಿಕೊಂಡು ನಿಂತಳು.

ಬಾಂಡ್ಲಿ 'ಸರ್ರ್' ಅಂತ ಒಳಗೆ ಎಳೆದುಕೊಂಡು ಹೋಯ್ತು. ಒಂದು ಗಳಿಗೆ ಬಿಟ್ಟು ಖಾಲಿಯಾಗಿ ವಾಪಸ್ ಬಂತು.

ಟಕ್, ಟಕ್.

ಮತ್ತೆ ಕಲಸಿದಳು. ಮತ್ತೆ ಇಟ್ಟಳು. ಒಳಗೆ ಕರಣೆ 'ಕರ್, ಕರ್' ಅಂತ ಉಜ್ಜುತ್ತಾ ಇತ್ತು. ಕೆಳಗಿಂದ ಕೂಗು ಬರ್ತಾನೇ ಇತ್ತು. "ಅಕ್ಕಾ, ಮುಚ್ಚಬೇಡಿ. ನನಗೂ ಹೆಂಡ್ತಿ ಇದಾಳೆ. ಕೈ ಮುಗೀತೀನಿ."

ಅಕ್ಕ ಒಂದೇ ಒಂದು ಸಲ ಉತ್ತರ ಕೊಟ್ಟಳು.

"ಆಯ್ತು, ಆಯ್ತು," ಅಂದಳು.

ಹದಿನಾಲ್ಕು ಬಾಂಡ್ಲಿ. ಒಂದೊಂದು ಬಾಂಡ್ಲಿಗೂ ಕೂಗು ಸಣ್ಣದಾಗುತ್ತಾ ಹೋಯ್ತು. ಕೊನೆಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಆಮೇಲೆ ಅದೂ ಇಲ್ಲ. ಟೈಲ್ಸ್ ಕೂರಿಸೋ ಸದ್ದು ಬಂತು, ಮೆತ್ತಗೆ, ನಾಲ್ಕು ಮೂಲೆಗೂ ಒಂದೊಂದು ಏಟು. ಭಾವ ಯಾವಾಗಲೂ ಹಾಗೇ ಕೂರಿಸ್ತಿದ್ದಿದ್ದು. ಅಕ್ಕ ಗೋಡೆ ನೋಡ್ತಾ ನಿಂತಿದ್ದಳು, ಕೆನ್ನೆ ಮೇಲೆ ನೀರು ಇಳೀತಾ ಇತ್ತು. ದುಃಖಕ್ಕಲ್ಲ ಅಂತಾಳೆ. ಮತ್ತೆ ಜೋಡಿಯಾಗಿ ಕೆಲಸ ಮಾಡ್ತಿದೀವಿ ಅನ್ನೋದಕ್ಕೆ ಅಂತಾಳೆ.

ಟಕ್, ಟಕ್, ಟಕ್... ಟಕ್.

ಬಲ್ಬು ತಾನಾಗಿ ಹತ್ತಿಕೊಂಡಿತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಆರು ಟೈಲ್ಸ್ ಕೂತಿದ್ದವು, ನೆಲ ಒರೆಸಿತ್ತು. ಮಿಕ್ಕ ನೆಲವೆಲ್ಲಾ ಸೊಟ್ಟ, ಈ ಆರರ ಸಂದಿ ಮಾತ್ರ ದಾರ ಎಳೆದ ಹಾಗೆ. ಅಕ್ಕ ಕಂಬಿ ತೆಗೆದು ಒಂದೊಂದನ್ನೂ ತಟ್ಟಿದಳು. ಟಣ್. ಟಣ್. ಟಣ್. ಟಣ್. ಟಣ್. ಟಣ್. ಪಟ್ಟಿ ತೆಗೆದು ಕೊನೇ ಸಾಲಿನ ಮುಂದೆ 'ಸರಿಯಾಗಿದೆ' ಅಂತ ಬರೆದು ಸಹಿ ಹಾಕಿದಳು. ಗಂಟೆನೂ ಬರೆದಳು. ಹನ್ನೊಂದು ಐವತ್ತೈದು. ವಾರಂಟಿ ಮುಗಿಯೋಕೆ ಇನ್ನೂ ಐದು ನಿಮಿಷ ಇತ್ತು.

ಬೀಗ ಹಾಕಿ ಮನೆ ಕಡೆ ನಡೆದಳು. ಆಲದ ಮರದ ಕೆಳಗೆ ಜೀಪು ಹಾಗೇ ನಿಂತಿತ್ತು. ಸಾಲು ಮನೆ ದಾಟಿದ ಮೇಲೆ ಹಿಂದೆ ಹೆಜ್ಜೆ ಕೇಳಿಸ್ತು. ಪಚಕ್... ಪಚಕ್... ಒದ್ದೆ ಚಪ್ಪಲಿ ಹಾಕಿಕೊಂಡು ನಡೆದರೆ ಬರತ್ತಲ್ಲ, ಹಾಗೆ. ಇವಳು ನಿಂತರೆ ಅದೂ ನಿಲ್ಲತ್ತೆ. ಅಕ್ಕ ಒಂದು ಸಲವೂ ತಿರುಗಲಿಲ್ಲ. ಬಾಗಿಲು ತೆಗೆದು ಒಳಗೆ ಹೋಗುವಾಗ ಮಾತ್ರ, ದಿನಾ ಸಂಜೆ ಹೇಳ್ತಿದ್ದಳಲ್ಲ, ಅದೇ ಮಾತು ಹೇಳಿದಳು.

"ಕಾಲು ತೊಳ್ಕೊಂಡು ಬನ್ನಿ."

ಹಿತ್ತಿಲಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ಆಮೇಲೆ ನಿಂತಿತು. ಅಕ್ಕ ಮಲಗಿದಳು. ಒಂದು ವರ್ಷದಲ್ಲಿ ಮೊದಲನೇ ಸಲ ಬೆಳಗಾಗೋವರೆಗೂ ನಿದ್ದೆ ಬಂತಂತೆ.

ಶನಿವಾರ ಆಯ್ತಣ್ಣನ ಗುಮಾಸ್ತ ಹುಡುಕಿಕೊಂಡು ಬಂದ. "ಅಕ್ಕಾ, ಜೀಪು ಮರದ ಕೆಳಗಿದೆ, ಯಜಮಾನ್ರು ಇಲ್ಲ. ನಿನ್ನೆ ಕೆಲಸ ಮುಗಿಸಿ ಎಲ್ಲಿಗೆ ಹೋದ್ರು?"

"ರಾತ್ರಿ ಬಸ್ಸು ಹತ್ತಿದ ಹಾಗಿತ್ತು," ಅಂದಳು ಅಕ್ಕ. "ಜೊತೇಲಿ ಯಾರೋ ಇದ್ದರಪ್ಪ."

ಸಂಜೆಯೊಳಗೆ ಊರಿಗೆಲ್ಲಾ ಗೊತ್ತು. ಮತ್ತೆ ಆ 'ಯಾರೋ'ಗೆ ಸೀರೆ ಉಡಿಸಿದ್ರು. ಪೊಲೀಸರು ಅವನ ಹೆಂಡತಿಗೂ ಅದೇ ಮಾತು ಹೇಳಿ ಕಳಿಸಿದ್ರು. ಅವಳನ್ನ ನೆನೆಸಿಕೊಂಡರೆ ಅಕ್ಕನಿಗೆ ಈಗಲೂ ಒಂದು ಥರಾ ಆಗತ್ತೆ. ಹೇಳಿದ ಮಾತನ್ನ ಮಾತ್ರ ವಾಪಸ್ ತಗೊಂಡಿಲ್ಲ.

ಭಾನುವಾರ ರಾತ್ರಿ ನರ್ಸಮ್ಮ ಫೋನ್ ಮಾಡಿದಳು.

"ಅಕ್ಕಾ, ಆ ಮೂರು ಒಂದು ಶಬ್ದ ನಿಂತಿದೆ. ಈಗ ಬೇರೆ. ನೆಲದ ಕೆಳಗೆ ಯಾರೋ ದಬದಬ ಬಡೀತಿದಾರೆ. ಬಿಟ್ಟೂಬಿಡದೆ. ಬಂದು ತೆಗೆಸಿ ನೋಡ್ತೀರಾ?"

ಅಕ್ಕ ಫೋನನ್ನ ಇನ್ನೊಂದು ಕಿವಿಗೆ ಇಟ್ಟುಕೊಂಡಳು.

"ವಾರಂಟಿ ಮುಗೀತಲ್ಲ ನರ್ಸಮ್ಮ," ಅಂದಳು. "ಪೈಪಲ್ಲಿ ಗಾಳಿ ಇರಬೇಕು. ತಾನಾಗೇ ಹೋಗತ್ತೆ."

ಹೋಯ್ತು. ಮಂಗಳವಾರಕ್ಕೆ ನಿಂತಿತಂತೆ. ನರ್ಸಮ್ಮ ಇವತ್ತಿಗೂ ಅದೇ ಮನೆಯಲ್ಲಿದಾಳೆ, ಅದೇ ಒಲೆ ಮುಂದೆ ನಿಂತು ಅಡುಗೆ ಮಾಡ್ತಾಳೆ. ಮಿಕ್ಕ ಟೈಲ್ಸ್ ಎರಡು ಸಲ ಎದ್ದು ಬಂತಂತೆ, ಆ ಆರು ಮಾತ್ರ ಅಲುಗಾಡಿಲ್ಲ.

ಕತೆ ಕಟ್ಟಿದ್ದು ಅಂತೀರಾ? ಅನ್ನಿ, ನನಗೇನು. ನನ್ನ ಕಣ್ಣಿಗೆ ಬಿದ್ದಿದ್ದನ್ನ ಮಾತ್ರ ಹೇಳಿ ಮುಗಿಸ್ತೀನಿ. ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕದ ಆ ಮೊಳೆಗೆ ಭಾವನ ಕರಣೆ ನೇತಾಡ್ತಾ ಇದೆ. ಹಿಡಿ ಮೇಲೆ ಅವರು ಸುತ್ತಿದ್ದ ಕೆಂಪು ಟೇಪು ಹಾಗೇ ಇದೆ. ಆ ಶನಿವಾರ ಬೆಳಗ್ಗೆ ಅಕ್ಕ ಎದ್ದಾಗಿಂದ ಅದು ಅಲ್ಲೇ ಇದೆ, ಯಾರೂ ತೆಗೆದಿಲ್ಲ. ಸಿಮೆಂಟು ಗಟ್ಟಿಯಾಗೋಕೆ ಎಷ್ಟು ಹೊತ್ತು ಬೇಕು ನಿಮಗೆ ಗೊತ್ತಲ್ಲ. ಒಂದು ರಾತ್ರಿ ಸಾಕು. ನಾಲ್ಕು ವರ್ಷ ಆಯ್ತು. ಆ ಕರಣೆ ಅಲಗಿನ ಮೇಲಿರೋ ಮಾಲು ಇನ್ನೂ ಹಸಿಯಾಗಿದೆ. ನಾನೇ ಬೆರಳಿಟ್ಟು ನೋಡಿದೆ, ಬೆರಳಿಗೆ ಅಂಟಿತು.